ದೋಣಿಯ ಸಾಕ್ಷಿ, ಜೀವದ ಅಂತರ್ಯಾಮಿ

ಸಾಕ್ಷಿಯಾಗಿ ನೋಡುವುದು ಬೇರೆ, ಒಳಗಿದ್ದು ನಡೆಸುವುದು ಬೇರೆ. ಅದ್ವೈತದ ಸಾಕ್ಷಿಚೈತನ್ಯ ನೋಡುತ್ತದೆ, ಕೈಹಾಕುವುದಿಲ್ಲ. ಪಾಂಡವಪುರ ಸೀಮೆಯ ತೊಣ್ಣೂರು, ಮೇಲುಕೋಟೆಗಳಲ್ಲಿ ನೆಲೆಸಿದ್ದ ರಾಮಾನುಜರ ಅಂತರ್ಯಾಮಿಯಾದರೋ ಜೀವದೊಳಗಿದ್ದೇ ನಿಯಮಿಸುತ್ತಾನೆ.

ವಿಹಾರದೋಣಿಗೆ ಅಳವಡಿಸುವ ಎಐಎಸ್ ಉಪಕರಣ, ಅಂದರೆ ದೋಣಿಗಳು ಒಂದನ್ನೊಂದು ಪರದೆಯ ಮೇಲೆ ಗುರುತಿಸಲು ನೆರವಾಗುವ ಸ್ವಯಂಚಾಲಿತ ಗುರುತಿನ ವ್ಯವಸ್ಥೆ, ಮೊದಲನೆಯ ಬಗೆಯದು. ಜಿಪಿಎಸ್‌ನಿಂದ ತಿಳಿದ ಸ್ಥಾನ, ವೇಗ, ದಿಕ್ಕನ್ನು ಸಾಗುವಾಗ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ವಿಎಚ್‌ಎಫ್ ಅಲೆಗಳಲ್ಲಿ ಸಾರುತ್ತದೆ. ಆಂಟೆನಾ ಎತ್ತರದಲ್ಲಿದ್ದಷ್ಟೂ ಸುದ್ದಿ ದೂರ ಮುಟ್ಟುತ್ತದೆ. ಕತ್ತಲಲ್ಲಿ ಈ ಉಪಕರಣವನ್ನು ಆರಿಸಿಡುವವನು ಪರರ ಪ್ರಾಣವನ್ನೂ ಪಣಕ್ಕಿಡುತ್ತಾನೆ, ಇದು ಅಧರ್ಮವೇ ಸರಿ. ಚುಕ್ಕಾಣಿ ಮಾತ್ರ ಮನುಷ್ಯನದು.

ಶ್ರೀರಂಗಪಟ್ಟಣದ ಬಳಿ, 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟಿನಲ್ಲಿ ಹುಟ್ಟು ಹಾಕುವ ಅಂಬಿಗನಾದರೋ ಎರಡನೆಯ ಬಗೆಗೆ ಹತ್ತಿರ. ಅವನಿಗೆ ನೋಟ, ನಿರ್ಣಯ, ಕರುಣೆ ಒಂದೇ ಕ್ರಿಯೆ: ಕೊಕ್ಕರೆಯ ಗೂಡಿರುವ ಕೊಂಬೆ ಕಂಡೊಡನೆ ದೋಣಿ ಪಕ್ಕಕ್ಕೆ ಸರಿದಿರುತ್ತದೆ. ಉಪಕರಣಕ್ಕೆ ಕರುಣೆಯಿಲ್ಲ, ನೋಟವೂ ಅರೆ. ಎಐಎಸ್ ಇಲ್ಲದ ಹರಿಗೋಲು ಅದರ ಪರದೆಯಲ್ಲಿ ಮೂಡುವುದೇ ಇಲ್ಲ. ಅದನ್ನು ಕಣ್ಣೇ ಕಾಣಬೇಕು.