ಗುಡಿಸದ ತರಗೆಲೆ

ಸಾಯನ್-ಬಾಂದ್ರಾ ಲಿಂಕ್ ರೋಡಿನ ಹೊಗೆ, ಹಾರ್ನು ದಾಟಿ ಧಾರಾವಿ ಬಸ್ ಡಿಪೋ ಎದುರಿನ ಗೇಟು ಹೊಕ್ಕರೆ ಮಹಾರಾಷ್ಟ್ರ ನೇಚರ್ ಪಾರ್ಕ್. 37 ಎಕರೆ. ಒಂದು ಮಗ್ಗುಲಿಗೆ ಮೀಠಿ ನದಿ, ದಡದಲ್ಲಿ ಕಾಂಡ್ಲಾ ಗಿಡಗಳು. 1970ರ ದಶಕದಲ್ಲಿ ಇದು ಮುಂಬಯಿಯ ಕಚರಾ ಸುರಿಯುವ ಡಂಪಿಂಗ್ ಗ್ರೌಂಡ್ ಆಗಿತ್ತು. ಆಮೇಲೆ ಕಸದ ಮೇಲೆ ಮಣ್ಣು ಹರಡಿ ಗಿಡ ನೆಟ್ಟರು. ಮೊದಲ ಸಸಿ ನೆಟ್ಟವರು ಪಕ್ಷಿತಜ್ಞ ಸಾಲಿಂ ಅಲಿ. ಜನರಿಗೆ ಬಾಗಿಲು ತೆರೆದದ್ದು 1994ರಲ್ಲಿ.

ಮಳೆಗಾಲ ಮುಗಿದ ಮೇಲೆ ಹೋಗಿದ್ದೆ. ಹೊಂಗೆಯ ಗೆಲ್ಲಿನಲ್ಲಿ ಚಗಳಿಗಳು ಗೂಡು ಕಟ್ಟುತ್ತಿದ್ದವು. ಒಂದು ಸಾಲು ಎರಡು ಎಲೆಗಳ ಅಂಚನ್ನು ಎಳೆದು ಹಿಡಿದಿದ್ದರೆ, ಇನ್ನೊಂದು ಬಳಗ ತಮ್ಮ ಮರಿಹುಳುಗಳನ್ನು ಬಾಯಲ್ಲಿ ಹಿಡಿದು ಆಚೀಚೆ ಆಡಿಸುತ್ತ, ಅವು ಬಿಡುವ ನೂಲಿನಿಂದ ಅಂಚು ಹೊಲಿಯುತ್ತಿತ್ತು. ಮರದ ಬುಡದಲ್ಲಿ ಪಾದ ಮುಳುಗುವಷ್ಟು ತರಗೆಲೆ. ಸರಿಸಿದರೆ ಅಡಿಯಲ್ಲಿ ಕಪ್ಪನೆಯ ತೇವದ ಮಣ್ಣು. ಕಸದ ಗುಡ್ಡೆಯ ಮೇಲೆ ಇಂಥ ಮಣ್ಣು ಹುಟ್ಟಿದ್ದು ಬಿದ್ದ ಎಲೆಯನ್ನು ಬಿದ್ದಲ್ಲೇ ಬಿಟ್ಟಿದ್ದರಿಂದ. ನಮ್ಮ ಬಹುತೇಕ ಗಾರ್ಡನ್‌ಗಳಲ್ಲಿ ದಿನಾ ಬೆಳಿಗ್ಗೆ ಅದನ್ನೇ ಗುಡಿಸಿ ಚೀಲಕ್ಕೆ ತುಂಬುತ್ತಾರೆ.

ಇದನ್ನು ಈಗಲೇ ಹೇಳಲು ಕಾರಣವಿದೆ. 1883ರ ಮಹಾಲಕ್ಷ್ಮಿ ರೇಸ್‌ಕೋರ್ಸಿನ 211 ಎಕರೆಯಲ್ಲಿ 120 ಎಕರೆ 2024ರಲ್ಲಿ ಮಹಾನಗರಪಾಲಿಕೆಯ ಪಾಲಿಗೆ ಬಂತು. ಅಲ್ಲಿ ಸೆಂಟ್ರಲ್ ಪಾರ್ಕ್ ಮಾಡುವ ಯೋಜನೆ. ಉಸಿರಾಡಲು ಜಾಗವಿಲ್ಲದ ಈ ಊರಿಗೆ ಇಷ್ಟು ದೊಡ್ಡ ಬಯಲು ಮತ್ತೆ ಸಿಗುವುದು ಕಷ್ಟ. ಆದರೆ ನೆಲದಡಿ ಕ್ರೀಡಾ ಸಂಕೀರ್ಣ, ಪಾರ್ಕಿಂಗ್ ಎಂಬ ಮಾತುಗಳೂ ಕೇಳಿಬರುತ್ತಿವೆ. ನನಗೆ ದಿಗಿಲಾಗುವುದು ಅಲ್ಲೇ. ಅಡಿಯಲ್ಲಿ ಸ್ಲ್ಯಾಬ್ ಬಂದರೆ ಮೇಲೆ ಲಾನ್ ಬೆಳೆದೀತು, ಆಲ ಅತ್ತಿಗಳು ಬೇರೂರಲಾರವು. ಮಳೆನೀರು ಇಂಗಲಾರದು. ಪ್ರತಿ ಜುಲೈನಲ್ಲಿ ಮೊಣಕಾಲುದ್ದ ನೀರಿನಲ್ಲಿ ಆಫೀಸಿನಿಂದ ಮನೆ ಸೇರುವವರಿಗೆ ಇಂಗುವ ನೆಲದ ಬೆಲೆ ಗೊತ್ತು.

ಅಲ್ಲಿ ವಾಕಿಂಗ್ ಮಾಡುವವರಿಗೆ, ಆಡುವ ಮಕ್ಕಳಿಗೆ ಬಯಲು ಇರಲೇಬೇಕು. ಅದರ ಜೊತೆಗೆ, ನೇಚರ್ ಪಾರ್ಕಿನಷ್ಟೇ, ಒಂದು 37 ಎಕರೆಯನ್ನು ಕಾಡಿಗೆಂದು ಬಿಟ್ಟುಕೊಡಲಿ. ಅದರಡಿ ಏನನ್ನೂ ಅಗೆಯುವುದು ಬೇಡ. ಕಾರಂಜಿ, ಬಣ್ಣದ ದೀಪ, ಸೆಲ್ಫಿ ಪಾಯಿಂಟ್ ಬೇಡ. ಊರಿನ ಮರಗಳನ್ನೇ ನೆಟ್ಟು, ಮೊದಲ ಕೆಲವು ಬೇಸಿಗೆ ನೀರು ಕೊಟ್ಟು, ಆಮೇಲೆ ಪೊರಕೆ ಹಿಡಿದು ಯಾರೂ ಒಳಗೆ ಹೋಗದಿದ್ದರೆ ಸಾಕು.