ಮೂಳೆ ಕೇಳುವ ಕಾಲ

ಒಂದು ನಿಮಿಷ ಓಟ, ನಾಲ್ಕು ನಿಮಿಷ ನಡಿಗೆ. ಹೀಗೆ ಐದು ಸಲ. ಎಂಟು ತಿಂಗಳ ಮೇಲೆ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಗೆ ಮರಳಿದ ದಿನ ನಾನು ಓಡಿದ್ದು ಇಷ್ಟೇ. ಬೆಳಿಗ್ಗೆ ಆರಕ್ಕೆ ಅಲ್ಲಿಗೆ ಬರುವವರೆಲ್ಲ ಮುಖಪರಿಚಯದವರು. ಹಿಂದೆ ಅವರನ್ನು ದಾಟಿಕೊಂಡು ಹೋಗುತ್ತಿದ್ದೆ. ‘ಏನ್ ಸ್ವಾಮಿ, ನಮ್ ಜೊತೆ ನಡಿಗೆಗೆ ಸೇರ್ಕೊಂಡ್ರಾ?’ ಎಂದು ಹಿರಿಯರೊಬ್ಬರು ಅಕ್ಕರೆಯಿಂದಲೇ ಕೇಳಿದರು. ‘ಹೌದು ಯಜಮಾನ್ರೇ’ ಎಂದೆ. ಗಂಟಲು ಬಿಗಿದಿತ್ತು.

ಈಜು, ಸೈಕಲ್, ಓಟ ಮೂರನ್ನೂ ಒಂದರ ಬೆನ್ನಿಗೆ ಒಂದು ಮುಗಿಸುವ ಟ್ರಯಾಥ್ಲಾನ್ ನನ್ನ ಪ್ರೀತಿಯ ಆಟ. ಗೋವಾದಲ್ಲಿ 2019ರಲ್ಲಿ ಆರಂಭವಾದ ಐರನ್‌ಮ್ಯಾನ್ 70.3 ಸ್ಪರ್ಧೆಗೆ ಹೋಗುವ ಆಸೆಯಿತ್ತು. ಕಡಲಿನಲ್ಲಿ 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, ಕೊನೆಗೆ 21.1 ಕಿ.ಮೀ. ಓಟ. ಆ ಹುರುಪಿನಲ್ಲಿ ವಾರದಿಂದ ವಾರಕ್ಕೆ ಓಟ ಏರಿಸುತ್ತಲೇ ಹೋದೆ. ಮುಂಗಾಲಿನ ಮೂಳೆಯ ಒಳಬದಿಯಲ್ಲಿ ರೂಪಾಯಿ ನಾಣ್ಯದಷ್ಟು ಜಾಗ ನೋಯತೊಡಗಿತು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಎಂಆರ್‌ಐ ಮಾಡಿಸಿದಾಗ ಮೂಳೆಯಲ್ಲಿ ಕೂದಲೆಳೆಯ ಬಿರುಕು. ಅದು ಕೂಡುವ ಹೊತ್ತಿಗೆ, ಗಾಯದ ಮೇಲೆ ಬರೆ ಎಳೆದಂತೆ ಮಳೆಗಾಲದ ಡೆಂಗಿ. ಜ್ವರ ಬಿಟ್ಟ ಮೇಲೂ ಎಷ್ಟೋ ದಿನ ಮಹಡಿ ಮೆಟ್ಟಿಲು ಹತ್ತಿದರೆ ಮಂಚ ಹುಡುಕುವಂತಾಗುತ್ತಿತ್ತು.

ಚೇತರಿಸಿಕೊಳ್ಳುವವರನ್ನು ಹೆಚ್ಚು ಮೋಸಗೊಳಿಸುವುದು ಉಸಿರು. ಹೃದಯ, ಶ್ವಾಸಕೋಶಗಳು ಕೆಲವೇ ವಾರಗಳಲ್ಲಿ ಹದಕ್ಕೆ ಬರುತ್ತವೆ. ಮೂಳೆ, ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ಒಂದೇ ಮೈಯೊಳಗೆ ಎರಡು ಗಡಿಯಾರ. ‘ಏದುಸಿರೇ ಇಲ್ಲ, ಇನ್ನೊಂದು ಸುತ್ತು ಹೋಗೋಣ’ ಎಂದು ಮನಸ್ಸು ಹೇಳುವ ಹೊತ್ತಿಗೆ ಮೂಳೆ ಇನ್ನೂ ಹೊಸ ಪದರ ಕಟ್ಟುತ್ತಿರುತ್ತದೆ. ಓಟಕ್ಕೆ ಮರಳಿದ ಮೂರನೇ ವಾರ ನಾನು ಆ ಮಾತು ಕೇಳಿ ಇಪ್ಪತ್ತು ನಿಮಿಷ ಬಿಡದೆ ಓಡಿದೆ. ಮರುದಿನ ಬೆಳಿಗ್ಗೆ ಹಾಸಿಗೆಯ ಅಂಚಿನಲ್ಲಿ ಕೂತು ಹೆಬ್ಬೆರಳಿನಿಂದ ಮುಂಗಾಲು ಒತ್ತಿದರೆ ಅದೇ ಜಾಗ, ಅದೇ ನೋವು. ಮತ್ತೆ ಹತ್ತು ದಿನ ಓಟ ಬಂದ್. ಹಳೆಯ ಲೆಕ್ಕವನ್ನು ಬಿಡಲಾಗದ್ದೇ ನನ್ನ ನಿಜವಾದ ಕಾಯಿಲೆ ಎಂದು ಅವತ್ತು ತಿಳಿಯಿತು.

ಆ ಹತ್ತು ದಿನಗಳಲ್ಲಿ ನನ್ನನ್ನು ಕಾಪಾಡಿದ್ದು ನೀರು. ಸೊಂಟಕ್ಕೆ ತೇಲುವ ಬೆಲ್ಟ್ ಕಟ್ಟಿಕೊಂಡು, ಕೊಳದ ಆಳದ ತುದಿಯಲ್ಲಿ ಕಾಲು ನೆಲಕ್ಕೆ ತಾಗದಂತೆ ಓಡುವುದು. ಮೈಗೆ ಓಟದ ದುಡಿಮೆ ಸಿಗುತ್ತದೆ, ಮೂಳೆಗೆ ಏಟು ಬೀಳುವುದಿಲ್ಲ. ಇಂಗ್ಲೆಂಡಿನ ಟ್ರಯಾಥ್ಲೀಟ್ ಅಲಿಸ್ಟರ್ ಬ್ರೌನ್ಲಿ 2012ರ ಆರಂಭದಲ್ಲಿ ಹಿಮ್ಮಡಿಯ ಅಕಿಲಿಸ್ ರಜ್ಜು ಹರಿದುಕೊಂಡಾಗ ನೆಚ್ಚಿಕೊಂಡದ್ದೂ ಇದೇ ನೀರಿನ ಓಟವನ್ನು. ಅದೇ ವರ್ಷ ಆಗಸ್ಟ್ 7ರಂದು ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಆತ ಒಲಿಂಪಿಕ್ ಚಿನ್ನ ಗೆದ್ದ. ಕೊನೆಯ 10 ಕಿ.ಮೀ.ಯನ್ನು 29 ನಿಮಿಷ ಚಿಲ್ಲರೆಯಲ್ಲಿ ಓಡಿದ. ಅವನ ದೇಹವೂ ಬೇರೆ, ವಯಸ್ಸೂ ಬೇರೆ, ಅದು ಗೊತ್ತು. ಆದರೆ ಓಡಲಾಗದ ತಿಂಗಳುಗಳಲ್ಲಿ ಮಾಡಬಹುದಾದದ್ದನ್ನು ಬಿಡದೆ ಮಾಡಿದನಲ್ಲ, ಆ ನಿಷ್ಠೆ ನನಗೆ ಪದಕಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಈಗ ಏಳುತ್ತಲೇ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ನಾಡಿ ಎಣಿಸುತ್ತೇನೆ. ನನ್ನದು ನಿಮಿಷಕ್ಕೆ 56ರ ಆಸುಪಾಸು. 65 ದಾಟಿದರೆ ಅವತ್ತು ಶೂ ಕಟ್ಟುವುದಿಲ್ಲ. ಉಳಿದ ದಿನ ಈಜು, ಸೈಕಲ್, ಓಟಗಳಲ್ಲಿ ಯಾವುದಾದರೊಂದು, ಅರ್ಧ ಗಂಟೆಯಾದರೂ ಸರಿ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ ಒಂದು ಗೀಟು ಎಳೆಯುತ್ತೇನೆ. ಎಷ್ಟು ಕಿಲೋಮೀಟರ್ ಎಂದು ಬರೆಯುವುದನ್ನು ಬೇಕೆಂದೇ ಬಿಟ್ಟಿದ್ದೇನೆ. ‘ಇನ್ನೂ ಸ್ವಲ್ಪ ಓಡಬಹುದಿತ್ತು’ ಅನ್ನಿಸುವಾಗಲೇ ಮನೆಗೆ ಮರಳುವುದು ಕಷ್ಟದ ಅಭ್ಯಾಸ. ಮಳೆಯಲ್ಲಿ 90 ಕಿ.ಮೀ. ಸೈಕಲ್ ತುಳಿಯುವುದಕ್ಕಿಂತ ಕಷ್ಟ. ಕಳೆದ ತಿಂಗಳು ಇಪ್ಪತ್ಮೂರು ಗೀಟುಗಳಾದವು. ಕಾಯಿಲೆಗೆ ಮುಂಚೆ, ಭಾನುವಾರಗಳಲ್ಲಿ ಮೈ ಮುರಿದು ದುಡಿದು ಮೂರು ದಿನ ಮಲಗುತ್ತಿದ್ದ ಕಾಲದಲ್ಲಿ, ಇಷ್ಟು ಎಂದೂ ಆಗಿರಲಿಲ್ಲ.

ಜ್ವರದಿಂದ ಎದ್ದು ಶೂ ಹುಡುಕುತ್ತಿರುವವರಲ್ಲಿ ಒಂದು ಕೋರಿಕೆ. ವೈರಾಣು ಜ್ವರ ಕೆಲವರಲ್ಲಿ ಹೃದಯದ ಸ್ನಾಯುವಿಗೂ ಉರಿಯೂತ ತರುತ್ತದೆ, ಆಗ ದುಡಿಸಿದರೆ ಪ್ರಾಣಕ್ಕೇ ಕುತ್ತು. ಎದೆನೋವು, ಎದೆಬಡಿತದ ಏರುಪೇರು, ನಡೆದರೂ ಮೇಲುಸಿರು ಇದ್ದರೆ ದಯವಿಟ್ಟು ಮೊದಲು ವೈದ್ಯರ ಬಳಿ ಹೋಗಿ. ಕೆರೆಯ ಏರಿಗೆ ಆಮೇಲೆ ಬನ್ನಿ.