ಎಡ ಅಂಗೈ

ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜಿಸಬೇಕು. ನನಗೆ ಕ್ಯಾನ್ಸರ್ ಬಂದಿದ್ದೂ ಎಡಗಡೆಗೇ. 2021ರಲ್ಲಿ ಮೊಲೆ ತೆಗೆದರು, ಕಂಕುಳಿನ ಗಂಟುಗಳನ್ನೂ ತೆಗೆದರು. ಬೆನ್ನಿನ ಅಗಲ ಸ್ನಾಯುವೊಂದನ್ನು ಚರ್ಮದ ಸಮೇತ ಕಂಕುಳಡಿಯಿಂದ ಮುಂದಕ್ಕೆ ತಿರುಗಿಸಿ ಹೊಸ ಮೊಲೆ ಕಟ್ಟಿದರು. ಇಟಲಿಯ ಟಾನ್ಸಿನಿ ಎಂಬ ಸರ್ಜನ್ 1906ರಲ್ಲೇ ಬರೆದಿಟ್ಟ ಉಪಾಯವಂತೆ ಇದು. ಗಾಯ ತಿಂಗಳೊಪ್ಪತ್ತಿನಲ್ಲಿ ಮಾಯಿತು, ನೋವು ಇವತ್ತಿಗೂ ಇದೆ.

ತ್ಯಾವಣಿಗೆಯ ನಮ್ಮ ನಡುಮನೆಯಲ್ಲಿ ಬೆಳಿಗ್ಗೆ ವಿಭೂತಿ ಧರಿಸಿ, ಕರಡಿಗೆಯಿಂದ ಲಿಂಗ ತೆಗೆದು ಕಣ್ಣೆದುರು ಎತ್ತಿ ಹಿಡಿದರೆ ಐದೇ ನಿಮಿಷಕ್ಕೆ ತೋಳಿನ ಒಳಮೈ ಉರಿಯತೊಡಗುತ್ತದೆ, ಹಸಿಮೆಣಸಿನಕಾಯಿ ಅರೆದ ಕೈಯಲ್ಲಿ ತಿಕ್ಕಿದ ಹಾಗೆ. ಎದೆಯೊಳಗೆ ಬೆನ್ನಿನ ಸ್ನಾಯು ಮಿಸುಕುತ್ತದೆ; ತಾನು ಜಾಗ ಬದಲಿಸಿದ್ದು ಅದಕ್ಕಿನ್ನೂ ಗೊತ್ತಿಲ್ಲ. ಹೊಸ ಚರ್ಮ ಮುಟ್ಟಿದರೆ ಏನೂ ತಿಳಿಯದು, ಕಲೆಯ ಅಂಚಿಗೆ ಶಿವದಾರ ಸೋಕಿದರೆ ಮಾತ್ರ ಚುರ್ರೆನ್ನುತ್ತದೆ. ಅಡಿಕೆ ಸುಗ್ಗಿಯಲ್ಲಿ ಮೆಟ್ಟುಗತ್ತಿ ಮುಂದೆ ಕೂತರೂ ಇದೇ ಪಾಡು.

ಪಕ್ಕೆಲುಬಿನ ಸಂದಿಯಿಂದ ಹೊರಟು ಕಂಕುಳು ದಾಟಿ ತೋಳಿನ ಒಳಮೈಗೆ ಹೋಗುವ ನರವೊಂದಿದೆ. ಗಂಟು ತೆಗೆಯುವಾಗ ಅದು ತುಂಡಾಗಬಹುದು, ಎಳೆದಾಟಕ್ಕೆ ಸಿಕ್ಕಿ ಕೆಡಬಹುದು. ಕೆಟ್ಟ ನರ ಗಾಯ ಮಾಯ್ದ ಮೇಲೂ ಗಾಯವಾಗಿದೆ ಅಂತ ಸುದ್ದಿ ಕಳಿಸುತ್ತಲೇ ಇರುತ್ತದೆ. ಈ ಆಪರೇಷನ್ ಆದವರಲ್ಲಿ ನೂರಕ್ಕೆ 20ರಿಂದ 50 ಮಂದಿಗೆ ಮೂರು ತಿಂಗಳು ದಾಟಿಯೂ ನೋವು ಉಳಿಯುತ್ತದೆ ಎಂಬ ಲೆಕ್ಕವಿದೆ. ಆಪರೇಷನ್‌ಗೆ ಮುಂಚೆ ನನಗಿದನ್ನು ಯಾರೂ ಹೇಳಿರಲಿಲ್ಲ. ರಾತ್ರಿ ಗ್ಯಾಬಪೆಂಟಿನ್ ನುಂಗುತ್ತೇನೆ. ಉರಿ ಅರ್ಧಕ್ಕಿಳಿಯುತ್ತದೆ, ತಲೆ ಮಂಕಾಗುತ್ತದೆ.

"ಈ ವಯಸ್ಸಿಗೆ ಹೊಸದು ಕಟ್ಟಿಸ್ಕೊಳ್ಳೋದು ಯಾಕ್ ಬೇಕಿತ್ತು ಅತ್ತಿಗೆ, ಆಸೆಪಟ್ಟಿದ್ದಕ್ಕೆ ಶಿವ ಕೊಟ್ಟ ನೋಡ್ರಿ" ಅಂದಳು ನಾದಿನಿ. ಅವಳ ಗಂಡ ಹಲ್ಲು ಕಟ್ಟಿಸಿಕೊಂಡು ಬಂದಾಗ ಶಿವನ ಸುದ್ದಿ ಎತ್ತಿರಲಿಲ್ಲ.

ಅವಳ ಮಾತು ಬಿಡಿ. ಮನೆಗೆ ಬರುವ ಅಯ್ಯನೋರು ಒಳ್ಳೆಯ ಮನಸ್ಸಿನಿಂದಲೇ, "ಬಂದದ್ದೆಲ್ಲ ಪ್ರಸಾದ ಅಂತ ತಗೊಳ್ರಿ ತಾಯಿ" ಅಂದರು. ಅದು ಎರಡು ವರ್ಷ ನನ್ನನ್ನು ಕಾಡಿತು. ನಮ್ಮಲ್ಲಿ ಪದಾರ್ಥ ಲಿಂಗಕ್ಕೆ ಅರ್ಪಿತವಾಗದೆ ಪ್ರಸಾದವಾಗುವುದಿಲ್ಲ. ಅನ್ನವಾಗಲಿ ಹಣ್ಣಾಗಲಿ ಮೊದಲು ಅದಕ್ಕೆ, ಆಮೇಲೆ ನನಗೆ. ಹಾಗಾದರೆ ನೋವನ್ನೂ ಮೊದಲು ಕೊಡಬೇಕಲ್ಲ? ಕೊಟ್ಟು ನೋಡಿದೆ. ಒಂದು ಶ್ರಾವಣ ಪೂರ್ತಿ, ಉರಿ ಏರಿದರೂ ಕೈ ಇಳಿಸದೆ, ತಗೋ ಇದನ್ನ ಅಂತ ಹಟ ಹಿಡಿದು ಕೂತೆ. ಕಣ್ಣು ಲಿಂಗದ ಮೇಲಿರುತ್ತಿತ್ತು, ಗಮನವೆಲ್ಲ ತೋಳಿನ ಮೇಲೆ. ಶ್ರಾವಣ ಮುಗಿಯುವ ಹೊತ್ತಿಗೆ ತಿಳಿಯಿತು, ಅಷ್ಟು ದಿನ ನಾನು ಪೂಜೆ ಮಾಡಿದ್ದು ನೋವಿಗೆ.

ಕಲ್ಯಾಣದ ಶರಣರು ದೇಹದಂಡನೆಯನ್ನು ಗೇಲಿ ಮಾಡಿದವರು, ಮೈಯನ್ನೇ ಗುಡಿ ಮಾಡಿಕೊಂಡವರು. ಗುಡಿ ಸೋರಿದರೆ ಹಂಚು ಹೊದಿಸುತ್ತೇವೆ, ದೇವರ ಇಚ್ಛೆ ಅಂತ ಕೂರುವುದಿಲ್ಲ. ನರ ಕೆಟ್ಟಿದ್ದನ್ನು ಶಿವನ ಲೆಕ್ಕಕ್ಕೆ ಬರೆಯುವುದು ಅವನ ಮೇಲೆ ಚಾಡಿ ಹೇಳಿದಂತೆ ಅಂತ ನನಗೆ ಅನ್ನಿಸಿದೆ. ಅಯ್ಯನೋರಿಗೂ ಹಾಗೇ ಹೇಳಿದೆ. ಅವರು ಒಪ್ಪಲಿಲ್ಲ, ಬೈಯಲೂ ಇಲ್ಲ.

ಶಿವದಾರ ಕಲೆಗೆ ಸೋಕದ ಹಾಗೆ ಲಿಂಗ ಎಲ್ಲಿ ಕಟ್ಟಿಕೊಳ್ಳಲಿ ಅಂತ ಕೇಳಿದ್ದಕ್ಕೆ, ವಚನಗಳಲ್ಲಿ ಬರುವ ಸ್ಥಾನಗಳನ್ನು ಬೆರಳು ಮಡಚಿ ಎಣಿಸಿದರು: ಉತ್ತಮಾಂಗ, ಕಂಠ, ಉರಸೆಜ್ಜೆ, ಕರಸ್ಥಲ, ಕಕ್ಷೆ. ಕಕ್ಷೆ ಅಂದರೆ ಕಂಕುಳು. ಅಲ್ಲಿಗೆ ಬಂದು ಅವರೇ ನಕ್ಕುಬಿಟ್ಟರು. ಶಿವದಾರ ಗಿಡ್ಡ ಮಾಡಿ ಕರಡಿಗೆಯನ್ನು ಕೊರಳ ಕುಳಿಗೆ ತಂದುಕೊಂಡೆ.

ಈಗ ಪೂಜೆಗೆ ಕೂತರೆ ತೊಡೆಯ ಮೇಲೊಂದು ದಿಂಬು, ದಿಂಬಿನ ಮೇಲೆ ಮೊಣಕೈ. ಉರಿ ಹೆಚ್ಚಾದರೆ ಕೈ ಇಳಿಸುತ್ತೇನೆ, ತಡೆದು ಮತ್ತೆ ಎತ್ತುತ್ತೇನೆ. ನಿನ್ನೆ ಹೀಗೆ ಮೂರು ಸಲ ಇಳಿಸಿದೆ. ಮೂರನೇ ಸಲ ಎತ್ತುವಾಗ ದಾವಣಗೆರೆ ಬಸ್ಸಿನ ಹಾರ್ನ್ ಕೇಳಿಸಿತು. ತಿಂಗಳ ಮಾತ್ರೆ ತರಲು ನಾನು ಹತ್ತಬೇಕಿದ್ದ ಬಸ್ಸು. ಹೋಗಲಿ, ಇನ್ನೊಂದು ಬರುತ್ತದೆ ಅಂತ ಲಿಂಗ ನೋಡುತ್ತಾ ಕೂತೆ.